ಮುಂದಿನ ಹಲ್ಲು ಮುರಿದ ಬಗೆ

ಅಣ್ಣಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ನನ್ನ ಮುರುಕು ಹಲ್ಲನ್ನು ಕೀಳಿಸಿಕೊಂಡೆ. ಆ ಜಾಗಕ್ಕೆ ಹೊಸ ಹಲ್ಲು ಕಟ್ಟಲು ಹಲ್ಲಿನ ಡಾಕ್ಟರಮ್ಮ ಎರಡು ದಾರಿ ಹೇಳಿದರು. "ಬ್ರಿಜ್ ಹಾಕಿದ್ರೆ ಬೇಗ ಆಗುತ್ತೆ, ಆದ್ರೆ ಅಕ್ಕಪಕ್ಕದ ಒಳ್ಳೇ ಹಲ್ಲನ್ನೂ ಉಜ್ಜಿ ಸಣ್ಣ ಮಾಡಬೇಕು. ಇಂಪ್ಲಾಂಟ್ ಆದ್ರೆ ಮೂಳೆಗೇ ಸ್ಕ್ರೂ ಕೂರಿಸ್ತೀವಿ, ಬೇರೆ ಹಲ್ಲಿಗೆ ಏನೂ ಆಗಲ್ಲ."

ತಪ್ಪು ಮಾಡದ ಹಲ್ಲುಗಳನ್ನು ಉಜ್ಜುವುದು ಬೇಡವೆನಿಸಿ, ಇಂಪ್ಲಾಂಟೇ ಇರಲಿ ಎಂದೆ.

"ಇದು ಹೇಗೆ ಮುರೀತು?" ಎಂದು ಕೇಳಿದರು.

"ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಕದ್ದು ಓಡಿಸಿ ಬಿದ್ದೆ. ಮನೇಲಿ ಅವನೇ ತಳ್ಳಿದ ಅಂದೆ."

ಅವರು ನಕ್ಕು, 'ಬಿದ್ದದ್ದು' ಎಂದಷ್ಟೇ ಬರೆದುಕೊಂಡರು. ಅಪ್ಪ ಅಂದು ನಿನ್ನನ್ನು ಬೆಲ್ಟಿನಿಂದ ಹೊಡೆದದ್ದನ್ನು, ನೀನು ತುಟಿಪಿಟಕ್ಕೆನ್ನದೆ ಏಟು ತಿಂದದ್ದನ್ನು ಅವರಿಗೆ ಹೇಳಲಿಲ್ಲ.

ಆಮೇಲೆ ನಲವತ್ತು ವರ್ಷ ನೀನು ನನ್ನ ಎದುರಿಗೇ ಇದ್ದೆ. ನಾನು ಬಾಯಿ ಬಿಡಲೇ ಇಲ್ಲ.