ಡಬ್ಬಿಯಲ್ಲಿ ಪುಡಿಯಾದ ತೊಡದೇವು

ಸಿದ್ದಾಪುರ, ದೀಪಾವಳಿ ಮುಗಿದ ಸೋಮವಾರ

ಅತ್ತಿಗೆ,

ಇಲ್ಲಿ ತೊಡದೇವು ಎಂಬ ಸಿಹಿ ಮಾಡುತ್ತಾರೆ. ಬೆಲ್ಲ ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ, ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಎಳೆದರೆ ಕಾಗದಕ್ಕಿಂತ ತೆಳ್ಳನೆಯ ಹಾಳೆ ಏಳುತ್ತದೆ. ಪುಸ್ತಕ ಬರೆಯುತ್ತೇನೆಂದು ಅಮ್ಮನನ್ನು ನಿಮ್ಮ ಮೇಲೆ ಬಿಟ್ಟು ಬಂದವಳು ನಾನು. ಇವತ್ತೂ ಬೆಳಿಗ್ಗೆಯಿಂದ ಕೂತು ಒಂದು ಸಾಲೂ ಬರೆಯಲಾಗಲಿಲ್ಲ. ಎದ್ದು ಹೋಗಿ, ಮನೆಯೊಡತಿ ಸೀತಕ್ಕನ ಜೊತೆ ಅಮ್ಮನಿಗೆಂದು ಇಪ್ಪತ್ತು ತೊಡದೇವು ಮಾಡಿದೆ.

"ಸೈಕಲ್ಲಲ್ಲಿ ತಗಂಡು ಹೋಗಡ ತಂಗಿ, ಪುಡಿಯಾಗ್ತು. ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ಹೋಗು" ಎಂದರು. ನಾನು ಕೇಳಲಿಲ್ಲ. ನಾನಿರುವ ಬಿಳಗಿಯಿಂದ ಸೈಕಲ್ ತುಳಿದು ಬಂದು ಇಲ್ಲಿ ಸಿದ್ದಾಪುರದ ಅಂಚೆ ಕಚೇರಿಯಲ್ಲಿ ಡಬ್ಬಿ ತೆರೆದರೆ ಬರೀ ಪುಡಿ. ಇನ್ನೊಮ್ಮೆ ಮಾಡುವ ಶಕ್ತಿ ನನ್ನಲ್ಲಿಲ್ಲ, ಅದನ್ನೇ ಕಳಿಸಿದ್ದೇನೆ. ಹಾಲಿನಲ್ಲಿ ನೆನೆಸಿ ತಿನ್ನಿಸಿ, ಅಗಿಯುವ ಕಷ್ಟವಿಲ್ಲ. ಮರೆವಿನ ಮಾತ್ರೆ ಊಟವಾದ ಮೇಲೆಯೇ ಕೊಡಿ.

ಹೋದ ವಾರ ಫೋನಿನಲ್ಲಿ ಅಮ್ಮ "ಯಾರಮ್ಮ ನೀನು, ಯಾರ ಮನೆಯವಳು?" ಎಂದು ಕೇಳಿದ್ದನ್ನು ನಿಮಗೆ ಹೇಳಿರಲಿಲ್ಲ. ಈ ಸಿಹಿ ಯಾರು ಕಳಿಸಿದ್ದು ಎಂದು ತಾನಾಗಿ ಕೇಳಿದರೆ ಮಾತ್ರ ನನ್ನ ಹೆಸರು ಹೇಳಿ. ಕೇಳದಿದ್ದರೆ ಬೇಡ, ತಿಂದರೆ ಸಾಕು.

ಅಂಚೆ ಚೀಲ ಕಟ್ಟುತ್ತಿದ್ದಾರೆ.

ರೇಣು