ಅಮ್ಮನ ದುಡ್ಡಿಗೆ ಸೊನ್ನೆ

ಪ್ರೀತಿಯ ಅಪ್ಪನಿಗೆ,

ಬಂಡವಾಳದ ವೆಚ್ಚ ಲೆಕ್ಕ ಹಾಕುವ ಅಸೈನ್‌ಮೆಂಟ್‌ಗೆ ನಮ್ಮ ರಟ್ಟಿನ ಡಬ್ಬದ ಫ್ಯಾಕ್ಟರಿಯನ್ನೇ ತೆಗೆದುಕೊಂಡೆ. ನೀವು ಬ್ಯಾಂಕ್ ಸಾಲಕ್ಕೆ ಹನ್ನೊಂದು ಪರ್ಸೆಂಟ್ ಎಂದೂ, ಅಮ್ಮ ಹೊಲಿಗೆ ಅಂಗಡಿ ಮುಚ್ಚಿ ಕೊಟ್ಟ ದುಡ್ಡಿಗೆ ಸೊನ್ನೆ ಎಂದೂ ಬರೆದುಕೊಟ್ಟಿದ್ದಿರಿ. ಲೆಕ್ಚರರ್ ಅದನ್ನು ಓದಿ, "ಹೆಂಡ್ತಿ ದುಡ್ಡು ಪುಕ್ಕಟೆ ಅಂದ್ಕೊಂಡಿರೋ ಮಹಾನುಭಾವ ಯಾರಮ್ಮಾ?" ಎಂದರು. ಕ್ಲಾಸೆಲ್ಲ ನಕ್ಕಿತು. ಸಾರಿ ಅಪ್ಪ, ನಾನೂ ನಕ್ಕೆ.

ಆ ದುಡ್ಡು ಅಂಗಡಿಯಲ್ಲೇ ಇದ್ದಿದ್ದರೆ ಎಷ್ಟು ದುಡಿಯುತ್ತಿತ್ತೋ ಅದೇ ಅದರ ವೆಚ್ಚವಂತೆ. ಅಮ್ಮನನ್ನೇ ಫೋನಿನಲ್ಲಿ ಕೇಳಿದೆ: ಹದಿನೆಂಟು ಪರ್ಸೆಂಟ್. ಫ್ಯಾಕ್ಟರಿ ದುಡಿಯುವುದು ಒಂಬತ್ತು.

"ಹಾಗಾದ್ರೆ ಇಷ್ಟು ವರ್ಷ ನಷ್ಟಾನಾ?" ಎಂದಳು. ಹೌದೆಂದೆ.

"ನನ್ನ ಹೊಲಿಗೆ ಮೆಷಿನ್ ಫ್ಯಾಕ್ಟರಿ ಗೋಡೌನ್‌ನಲ್ಲೇ ಇದೆ ಅಲ್ವಾ?" ಎಂದಳು. ನೀವು ಅದನ್ನು ಗುಜರಿಗೆ ಹಾಕಿದ್ದು ಗೊತ್ತಿದ್ದೂ "ಇದೆ" ಎಂದೆ.

ಭಾನುವಾರ ಅದನ್ನು ನೋಡಲು ಗೋಡೌನ್‌ಗೆ ಬರುತ್ತಾಳಂತೆ. ಅಷ್ಟರೊಳಗೆ ಅಂಥದ್ದೇ ಹಳೇದೊಂದು ತಂದಿಡಿ, ಪ್ಲೀಸ್.

ಹಾಸ್ಟೆಲ್‌ನಿಂದ,
ನಿಮ್ಮ ಮಗಳು