ಕೊಚ್ಚಿಯಲ್ಲಿ ತುಂಬಿದ ಉಡಿ

ಕೊಚ್ಚಿ, ಶನಿವಾರ

ಅತ್ತೆಯವರಿಗೆ ಅನ್ನಪೂರ್ಣಳ ನಮಸ್ಕಾರ.

ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಕನ್ನಡಕ ಹಾಕಿಕೊಂಡು ನೀವೇ ಓದಿ, ಬೇರೆಯವರ ಕೈಲಿ ಓದಿಸಬೇಡಿ.

ಊರು ಚೆನ್ನಾಗಿದೆ. ಒಂದೇ ಬೀದಿಯಲ್ಲಿ ಚರ್ಚು, ಮಸೀದಿ, ಕೊಂಕಣಿಗರ ಗುಡಿ. ಹಂಪಿಯಲ್ಲಿ ಹಳೆಯ ಕಟ್ಟಡಗಳನ್ನು ನೋಡಿ ಬರುತ್ತೇವೆ. ಇಲ್ಲಿ ಅವುಗಳೊಳಗೇ ಜನ ಬಟ್ಟೆ ಒಣಹಾಕಿಕೊಂಡು ಸಂಸಾರ ಮಾಡುತ್ತಿದ್ದಾರೆ. ನಿಮ್ಮ ಮೊಮ್ಮಗಳು ಮೆಚ್ಚಿದ ಹುಡುಗನ ಮನೆಯೂ ಅಂಥದ್ದೇ.

ಅವರ ಮನೆಯಿಂದ ಹೊರಡುವಾಗ, ಬೀಗತಿಯಾಗುವವರಲ್ಲವೇ ಎಂದು ಹುಡುಗನ ತಾಯಿಗೆ ಉಡಿ ತುಂಬಿದೆ. ಕಂಪ್ಲಿಯ ಅಕ್ಕಿ, ಕಾಯಿ, ಜಂಪರ್ ಪೀಸ್ ಮನೆಯಿಂದಲೇ ಒಯ್ದಿದ್ದೆ. ಅವರು ಗೌನು ಹಾಕಿದ್ದರು. ಸೆರಗಿಲ್ಲದ್ದಕ್ಕೆ ನಮ್ಮ ಕಾವ್ಯಳ ವೇಲ್ ಹರಡಿ ಹಿಡಿದರು. ಹಣೆಗೆ ಕುಂಕುಮವನ್ನೂ ಇಟ್ಟೆ.

ಆಮೇಲೆ ಕಾವ್ಯ ಕಿವಿಯಲ್ಲಿ ಹೇಳಿದಳು: “ಅವ್ವಾ, ಅವರ ಯಜಮಾನ್ರು ತೀರಿಕೊಂಡು ಭಾಳ ವರ್ಷ ಆತು.”

ಯಜಮಾನರು ಹಡಗಿನ ಕೆಲಸದ ಮೇಲೆ ಹೋಗಿದ್ದಾರೆಂದುಕೊಂಡಿದ್ದೆ. ಕ್ರಿಶ್ಚಿಯನ್ನರಲ್ಲಿ ಯಾರ ಹಣೆಯಲ್ಲೂ ಕುಂಕುಮವಿಲ್ಲ. ನೋಡಿ ತಿಳಿಯುವುದು ಹೇಗೆ? ಅಷ್ಟರಲ್ಲಿ ಆ ತಾಯಿ ತಮ್ಮ ಭಾಷೆಯಲ್ಲಿ ಏನೋ ಅಂದರು. “ಅವರು ಹೋದಮ್ಯಾಲ ಯಾರೂ ನನಗ ಹಿಂಗ ಮಾಡಿಲ್ಲ ಅಂತಾರ” ಎಂದಳು ಕಾವ್ಯ. ಕುಂಕುಮ ಒರೆಸಿಕೊಳ್ಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಇದರಿಂದ ಕಾವ್ಯಳಿಗೆ ಕೇಡೇನೂ ಆಗುವುದಿಲ್ಲವಲ್ಲ? ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಮಾವ ಹೋದ ಮೇಲೆ ನಿಮಗೂ ಯಾರೂ ಉಡಿ ತುಂಬಿಲ್ಲ. ಇಲ್ಲಿಂದ ಒಂದು ಹಸಿರು ಜಂಪರ್ ಪೀಸ್ ತರುತ್ತಿದ್ದೇನೆ. ಬೇಡವೆಂದರೆ ಫೋನ್ ಮಾಡಿ. ಇಲ್ಲದಿದ್ದರೆ ಶುಕ್ರವಾರದ ಹೊತ್ತಿಗೆ ಮಣೆ ತೊಳೆದಿಡಿ.

ನಿಮ್ಮ ಸೊಸೆ,
ಅನ್ನಪೂರ್ಣ